ಚಕ್ಕೋತದ ಮೇಲಿನ ಉಪ್ಪು

ಸ್ನೇಹಿತರೇ, ಇವತ್ತು ಉಪ್ಪು ಉಳಿಸೋಕೆ ಹೋಗಿ ಹೆಂಡತಿಯ ಚಿತ್ರ ಕೆಡಿಸಿಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಬಂದರೆ, ಅವಳು ಬರೆದಿದ್ದ ಚಕ್ಕೋತದ ಹಸಿ ಬಣ್ಣದ ಮೇಲೆಲ್ಲ ಕಲ್ಲುಪ್ಪು ಬಿದ್ದಿತ್ತು. ಉಪ್ಪು ಅಂದರೆ ಲಕ್ಷ್ಮಿ, ಚೆಲ್ಲಬಾರದು ಅಂತ ಕೇಳಿ ಬೆಳೆದವನು ನಾನು. ಒಂದು ಹರಳೂ ಬಿಡದೆ ಅಂಗೈಯಲ್ಲಿ ಗೋರಿ ಡಬ್ಬಿಗೆ ಹಾಕಿದೆ.

"ಅಯ್ಯೋ, ನಾನೇ ಉದುರಿಸಿದ್ದು ಕಣ್ರೀ! ಒಣಗೋ ತನಕ ಬಿಟ್ಟಿದ್ರೆ ಉಪ್ಪು ಬಣ್ಣ ಹೀರ್ಕೊಂಡು ಸಿಪ್ಪೆ ಮೇಲಿನ ಚುಕ್ಕೆಯೆಲ್ಲ ತಾನಾಗೇ ಮೂಡ್ತಿತ್ತು."

"ಇನ್ನೊಂದು ಬರಿ, ಅದಕ್ಕೇನಂತೆ?"

"ನಮ್ಮಪ್ಪ ನೆಟ್ಟ ಮರಾನ ಕಾರು ನಿಲ್ಲಿಸೋಕೆ ಅಂತ ಕಡಿಸಿದ್ರಿ. ನೆನಪಲ್ಲಿದ್ದ ಒಂದು ಹಣ್ಣು ಬರೆದೆ, ಅದರ ಸಿಪ್ಪೇನೂ ಸುಲಿದ್ರಿ."

ಉಪ್ಪು ಪೂರ್ತಿ ಉಳಿಯಿತು, ಮಾವನವರ ಚಕ್ಕೋತ ನನ್ನ ಕೈಯಲ್ಲಿ ಎರಡನೇ ಸಲ ಹೋಯಿತು.

ಸಾರಿಗೆ ಉಪ್ಪು ಕಮ್ಮಿಯಿತ್ತು. ಕೇಳೋ ಧೈರ್ಯ ಬರದೆ ಸುಮ್ಮನೆ ಉಂಡು ಎದ್ದೆ.