ಮನೆಯ ಹೆಪ್ಪು, ಅತ್ತೆಯ ಕಡಲು

ಸೋದರತ್ತೆಯ ಎಡಗೈ ಹೆಬ್ಬೆರಳಿನ ತುದಿ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮಧುಗಿರಿಯ ತನ್ನ ಮನೆಯ ಮುಂಗೋಣೆಯಲ್ಲಿ ಟಿವಿ, ಗೇಮ್ ಮಿಷಿನ್ ಇಟ್ಟು ಗಂಟೆಗಿಷ್ಟು ಕಾಸಿಗೆ ಬೀದಿಯ ಮಕ್ಕಳನ್ನೆಲ್ಲ ಆಡಿಸಿದವಳು ಅವಳು. ಮಕ್ಕಳು ಊಟಕ್ಕೆ ಹೋದ ಮೇಲೆ ತಾನೂ ಆಡುತ್ತಿದ್ದಳು. ಅವಳದು ಒಂದೇ ಆಟ, ಕಡಲಿನಲ್ಲಿ ದೋಣಿ ನಡೆಸಿ ಮೀನು ಹಿಡಿಯುವುದು. ಮೀನಿನ ಗೋಜಿಗೇ ಹೋಗದೆ ನಡುನೀರಿನಲ್ಲಿ ದೋಣಿ ನಿಲ್ಲಿಸಿ, ಅಲ್ಲಿ ಸಂಜೆಯಾಗುವುದನ್ನು ನೋಡುತ್ತ ಕೂರುತ್ತಿದ್ದಳು. ನಿಜವಾದ ಕಡಲನ್ನು ಅವಳು ಕಂಡವಳಲ್ಲ. ಬೆಟ್ಟದ ಕಾವು ಓಣಿಗೆ ಇಳಿಯುವ ಹೊತ್ತಿನಲ್ಲಿ ಆ ಕೋಣೆಯ ತುಂಬ ಅಲೆಗಳ ಸದ್ದು. ಅವಳ ಪಕ್ಕದಲ್ಲಿ ಕೂತು ನಾನು ಎಷ್ಟೋ ಸಲ ನಿದ್ದೆಹೋಗಿದ್ದೇನೆ.

ಮಕ್ಕಳ ಕೈಗೆ ಮೊಬೈಲ್ ಬಂದು ಆಟದ ಕೋಣೆ ಮುಚ್ಚಿತು. ಕಳೆದ ಬೇಸಿಗೆಯಲ್ಲಿ ಅತ್ತೆಯ ಎದೆ ಸೋತಿತು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು ಇನ್ನು ಹೆಚ್ಚು ದಿನವಿಲ್ಲ ಎಂದರು. ಮಿಷಿನ್ನಿನ ಲೆನ್ಸ್ ಕೂಡ ಹೋಗಿತ್ತು, ಸಿಡಿ ಓದುತ್ತಿರಲಿಲ್ಲ.

"ಇನ್ನೊಂದ್ಕಿತ ಆ ನೀರು ನೋಡ್ಬೇಕಿತ್ತು ಕಣ್ಲಾ" ಅಂದಳು.

ನಾನು ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿದೆ. ಹಳೆಯ ಮಿಷಿನ್ ಮಾಡುತ್ತಿದ್ದ ಕೆಲಸವನ್ನೇ ಮಾಡುವ ಪ್ರೋಗ್ರಾಮು ಅದು, ಇಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಅದು ಓಡಬೇಕಾದರೆ ಮಿಷಿನ್ನನ್ನು ಎಬ್ಬಿಸುವ, ಅದರೊಳಗಿನ ಫರ್ಮ್‌ವೇರ್ ಫೈಲ್ ಬೇಕು. ನೆಟ್ಟಿನಿಂದ ಇಳಿಸಿಕೊಂಡೆ. ಆಟದ ಸಿಡಿ ಹಾಲಾದರೆ ಇದು ಹೆಪ್ಪು ಎಂದು ಅತ್ತೆಗೆ ವಿವರಿಸಿದೆ.

"ಯಾರ ಮನೇದ್ಲಾ ಎಪ್ಪು?"

"ಕಂಪನಿಯೋರ್ದು ಅತ್ತೆ. ಇಂಗೆ ಇಳಿಸ್ಕೋಬಾರ್ದು. ಆದ್ರೂ ಎಲ್ರೂ ಇಳಿಸ್ಕೊತಾರೆ, ಯಾರೂ ಕೇಳಲ್ಲ."

"ಕೇಳೋರಿಲ್ಲ ಅಂತ ಪಕ್ಕದ ತೋಪಿನ ಉಣ್ಸೇಣ್ಣು ಬಡ್ಕಂಬತ್ತೀಯಾ? ಕಾಸು ಕೊಟ್ಟು ತಂದಿರೋ ಮಿಷಿನ್ ಮನೇಲೇ ಐತಲ್ಲ. ಅದ್ರಾಗಿಂದ ತಗಿ."

ತೆಗೆಯಬಹುದಿತ್ತು, ಲೆನ್ಸ್ ಹೋಗಿದ್ದರೂ ಬೋರ್ಡು ಬದುಕಿತ್ತು. ಒಳಗಿನ ಫೈಲನ್ನು ಹೊರಗೆ ತೆಗೆಯುವ ಬೇರೆ ಬಗೆಯ ಮೆಮೊರಿ ಕಾರ್ಡು ಮಾತ್ರ ಅಂಚೆಯಲ್ಲಿ ಬರಬೇಕು. ಅಷ್ಟರಲ್ಲಿ ಅವಳೇ ಇಲ್ಲದಿದ್ದರೆ? ನನಗೆ ಅಳುವಷ್ಟು ಸಿಟ್ಟು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ಎಂದು ಗೊಣಗುತ್ತ, ಇಳಿಸಿದ್ದನ್ನು ಅವಳೆದುರೇ ಅಳಿಸಿದೆ.

ದಿನವೂ ಅಂಚೆಯವನ ದಾರಿ ನೋಡಿದೆವು. ಅತ್ತೆಯ ಮಾತು ಕಮ್ಮಿಯಾಗುತ್ತ ಬಂತು. ಕೊನೆಗೆ ಕಾರ್ಡು ಬಂದ ಸಂಜೆ ಮಿಷಿನ್ನಿಗೆ ಸಿಕ್ಕಿಸಿ ಫೈಲನ್ನು ಪೆನ್‌ಡ್ರೈವಿಗೆ ತೆಗೆದುಕೊಂಡೆ. ಸಿರಾದಲ್ಲಿ ಕೊಂಡಿದ್ದ ಅವಳದೇ ಸಿಡಿಯನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಮಂಚದ ಮೇಲೆ ಅಲೆಗಳೆದ್ದವು. ಅತ್ತೆ ತನ್ನ ಹಳೆಯ ಜಾಯ್‌ಸ್ಟಿಕ್ ಹಿಡಿದು ನಡುನೀರಿಗೆ ಹೋಗಿ ದೋಣಿ ನಿಲ್ಲಿಸಿದಳು. ನೀರು ಕೆಂಪಾಯಿತು, ನೀಲಿಯಾಯಿತು, ನಿಧಾನಕ್ಕೆ ಕಪ್ಪಾಯಿತು. ಅವಳ ಮುಖದ ಮೇಲೂ ಅದೇ ಬಣ್ಣಗಳು.

"ಮಿಷಿನ್ ಗುಜ್ರಿಗೆ ಹಾಕ್ಬ್ಯಾಡ ಕಣ್ಲಾ" ಅಂದಳು. "ಅದು ಮನೇಲಿದ್ರೇನೆ ಈ ಎಪ್ಪು ನಮ್ದು."

ಆ ವಾರವೇ ಹೋಗಿಬಿಟ್ಟಳು. ಮನೆ ಖಾಲಿ ಮಾಡುವಾಗ ಯಾರೋ ಮಿಷಿನ್ನನ್ನು ಗುಜರಿ ಗಾಡಿಗೆ ಹಾಕಿದ್ದರು; ಓಡಿಹೋಗಿ ಎತ್ತಿಕೊಂಡು ಬಂದೆ. ಈಗ ನನ್ನ ಮನೆಯ ಗೂಡಿನಲ್ಲಿದೆ. ಒಮ್ಮೊಮ್ಮೆ ಸಂಜೆ ಅವಳ ಜಾಯ್‌ಸ್ಟಿಕ್ಕನ್ನೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೂರುತ್ತೇನೆ. ಎಡಗಡೆಯ ರಬ್ಬರಿನಲ್ಲಿ ಅವಳ ಹೆಬ್ಬೆರಳು ಸವೆಸಿದ ಕುಳಿಯಿದೆ. ನನ್ನ ಬೆರಳು ತಾನಾಗಿ ಅದರೊಳಗೆ ಹೋಗಿ ಕೂರುತ್ತದೆ. ಮೀನು ಹಿಡಿಯುವುದಿಲ್ಲ. ದೋಣಿ ನಿಲ್ಲಿಸುತ್ತೇನೆ.