ಬಂದ್ ಮಾಡಿದ ಅಲಾರಾಂ

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಮೇಡಂ ಕೈ ನನ್ನ ಕಾಲರಿಗೆ ಬಿದ್ದ ಹೊತ್ತು ಅದು. ನೆನೆದರೆ ಈಗಲೂ ಕೈ ಕಾಲರಿಗೆ ಹೋಗುತ್ತದೆ.

ಬೀದರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಅವರು ವಿಕಿರಣ ಭೌತಶಾಸ್ತ್ರಜ್ಞೆ. ನಾನು ಅದೇ ವಿಷಯ ಓದಿ ತರಬೇತಿಗೆ ಬಂದವನು. ಮೇಡಂ ಭಾಲ್ಕಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಕೊರಳಲ್ಲಿ ಎರಡು ವಸ್ತು: ಇಷ್ಟಲಿಂಗದ ಬೆಳ್ಳಿ ಕರಡಿಗೆ, ವಿಕಿರಣ ಅಳೆಯುವ ಮೀಟರು. "ಒಂದು ಕಾಣದ್ದನ್ನ ನಂಬ್ಲಾಕ, ಇನ್ನೊಂದು ಕಾಣದ್ದನ್ನ ನಂಬದಂಗ ಇರ್ಲಾಕ" ಎನ್ನುತ್ತಿದ್ದರು. ಮುಂಜಾನೆ, ರೋಗಿಗೆ ಕಿರಣ ಹಾಯಿಸುವ ಕೋಬಾಲ್ಟ್ ಯಂತ್ರದ ಕೋಣೆಯ ಅಲಾರಾಂ ಪರೀಕ್ಷಿಸಿ, ರಿಜಿಸ್ಟರಿಗೆ ಸಹಿ ಹಾಕಿದ ಮೇಲೆಯೇ ಚಹಾ.

ಆ ದಿನ ಸಂತಪುರದ ಅಜ್ಜಿಯೊಬ್ಬರಿಗೆ ಚಿಕಿತ್ಸೆ. ಕಿರಣ ಹೊರಬಿದ್ದಷ್ಟು ಹೊತ್ತೂ ಅಲಾರಾಂ ಕೂಗುತ್ತದೆ. ಅಜ್ಜಿ ಅದಕ್ಕೆ ಬೆಚ್ಚಿ ಅಲುಗಾಡುತ್ತಿದ್ದರು. ಮೇಡಂ ಸಹಿ ಹಾಕಿ ಹೋದ ಮೇಲೆ ನಾನು ಅದರ ಸ್ವಿಚ್ ಆರಿಸಿದೆ. ಸಮಯ ಮುಗಿಯಿತು, ಆದರೆ ವಿಕಿರಣದ ಮೂಲ ತನ್ನ ಸೀಸದ ಪೆಟ್ಟಿಗೆಗೆ ಹಿಂದೆ ಸರಿಯದೆ ನಡುವೆಯೇ ಸಿಕ್ಕಿಕೊಂಡಿತು, ಕಿರಣ ನಿಲ್ಲಲಿಲ್ಲ. ಸದ್ದಿಲ್ಲವಲ್ಲ ಎಂದು ಬಾಗಿಲು ತೆರೆದು ಒಳಗೆ ಹೆಜ್ಜೆ ಇಟ್ಟೆ. ನಾನೇ ಆರಿಸಿದ್ದು ಮರೆತೇ ಹೋಗಿತ್ತು.

ಹಿಂದೆಯೇ ಬಂದ ಮೇಡಂ ಮೀಟರಿನ ಮುಳ್ಳು ನೋಡಿ ನನ್ನನ್ನು ಹೊರಗೆಳೆದರು. ತಾವು ಒಳಗೆ ಹೋಗಿ, ಕಿರಣಕ್ಕೆ ಅಡ್ಡ ಬಾರದಂತೆ ಪಕ್ಕದಿಂದ ಸರಿದು ಅಜ್ಜಿಯನ್ನು ಕರೆತಂದರು.

"ಯಾಕವ್ವಾ ಹಿಂಗ ಎಳಿಲತಿ, ನಮ್ಮೂರಿನ ಔರಾದ್ ಬಸ್ ಹೋಗ್ಲತದೇನು?" ಎಂದು ಅಜ್ಜಿ ರೇಗಿದರು.

ಅಜ್ಜಿಗೆ ಹೆಚ್ಚು ಬಿದ್ದ ಕಿರಣದ ಕ್ಷಣಗಳನ್ನು ಮೇಡಂ ಮುಂದಿನ ದಿನಗಳ ಚಿಕಿತ್ಸೆಯಿಂದ ಕಳೆದರು. ನಮ್ಮಿಬ್ಬರಿಗೆ ತಗುಲಿದ್ದು ಅಪಾಯದ ಮಟ್ಟಕ್ಕಿಂತ ಬಹಳ ಕಡಿಮೆ. ನಾನು ಒಳಗೆ ಹೋದಾಗ ಅಲಾರಾಂ ಯಾಕೆ ಕೂಗಲಿಲ್ಲ ಎಂದು ಅವರು ಅಂದೇ ಕೇಳಿದರು. ಅಜ್ಜಿಯನ್ನು ಕರೆತರುವ ಗದ್ದಲದಲ್ಲಿ ನಾನು ಸ್ವಿಚ್ ಮತ್ತೆ ಹಾಕಿದ್ದೆ. ಆಗಿನಿಂದ ಅದು ಕೂಗತೊಡಗಿತ್ತು. ಆರಿಸಿದ್ದನ್ನು ಹೇಳದೆ, ಅದು ಒಮ್ಮೊಮ್ಮೆ ಕೈಕೊಡುತ್ತದೆ ಎಂದೆ.

ತನಿಖೆಗೆ ಬಂದವರು ಮೇಡಂ ಅವರನ್ನೇ ಹಿಡಿದರು. ಕೈಕೊಡುವ ಅಲಾರಾಂ ಸರಿಯಿದೆ ಎಂದು ಸಹಿ ಹಾಕಿದ್ದೇಕೆ? ಅವರ ಕೆಲಸಕ್ಕೇ ಕುತ್ತು ಬಂತು. ಬೀದರಿನಲ್ಲೇ, ಚಿದ್ರಿಯ ಬಾಡಿಗೆ ಕೋಣೆಯಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಬಾಗಿಲು ತೆರೆಯುತ್ತಿತ್ತು, ಒಳಗೆ ಸದ್ದೇ ಇರುತ್ತಿರಲಿಲ್ಲ.

ಮೂರನೇ ಭಾನುವಾರ ಭಾಲ್ಕಿಗೆ, ಮೇಡಂ ಮನೆಗೆ ಹೋದೆ. ಅವರು ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಮೇಡಂ, ಅಲಾರಾಂ ಬಂದ್ ಮಾಡಿದ್ದು ನಾನೇರಿ."

ಅವರು ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತದ. ಮುಂಜಾನಿ ಕೂಗೇದ, ನೀ ಹೊರಗ ಬಂದ ಮ್ಯಾಲೂ ಕೂಗೇದ. ನಡುವ ಅಷ್ಟೇ ಕೆಡ್ತದೇನು? ನಾ ಹೇಳಿದ್ರ ನೀ ಸಿಕ್ಕಿಬಿದ್ದಂಗ ಅಷ್ಟೇ ಆಗ್ತಿತ್ತು. ನೀನೇ ಹೇಳಿದಿ, ಇನ್ನ ನಿನ್ನ ಕೈಯಾಗ ಪೇಷಂಟ್ ಕೊಡಬಹುದು."

ಸೋಮವಾರ ತನಿಖೆಯವರಿಗೆ ಎಲ್ಲ ಬರೆದುಕೊಟ್ಟೆ. ಮೇಡಂ ಮೇಲಿನ ಆರೋಪ ಬಿದ್ದುಹೋಯಿತು. ನನ್ನ ತರಬೇತಿ ಆರು ತಿಂಗಳು ಹೆಚ್ಚಾಯಿತು. ಅಷ್ಟೂ ತಿಂಗಳು ಅವರೇ ಕಲಿಸಿದರು.

ಬರೆದುಕೊಟ್ಟ ಆ ಸೋಮವಾರ ರಾತ್ರಿ ಮಲಗಿದವನಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ನಳದಲ್ಲಿ ನೀರು ಬಂದು ಹೋಯಿತು ಎಂದು ಮನೆಯೊಡತಿ ಬಾಗಿಲಲ್ಲಿ ಬೈಯುತ್ತಿದ್ದರು.