ತುಂಬುತೋಳಿನ ವಾದ

ಡಿಬೇಟ್ ಫೈನಲ್‌ಗೆ ನಮಗೆ ಸಿಕ್ಕ ವಿಷಯ ನಾವಿದ್ದ ದುಬೈಗೆ ಸಂಬಂಧವೇ ಇಲ್ಲದ್ದು: ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಮನೆಯಲ್ಲಿ ಅಂಟುರೋಗವಿದ್ದರೆ ಅಧಿಕಾರಿಗಳಿಗೆ ತಿಳಿಸಲೇಬೇಕೆಂದ ಕಾನೂನು ಸರಿಯೇ? ನನ್ನದು ಸರಿ ಎನ್ನುವ ಪಕ್ಷ. ಹನ್ನೊಂದನೇ ತರಗತಿಯಲ್ಲಿದ್ದೆ, ಯಾವ ಪಕ್ಷ ಕೊಟ್ಟರೂ ಅದೇ ಸತ್ಯವೆಂದು ನಂಬಿಬಿಡುವ ಪ್ರತಿಭೆಯಿತ್ತು.

ಲಂಡನ್ ಹೊರವಲಯದ ಮರ್ಯಾದಸ್ಥರನ್ನು ಬೈಯಲೆಂದೇ ಎರಡು ವಾರ ಓದಿದೆ. ಮಹಡಿಯ ಮೇಲೆ ಮಗುವಿಗೆ ಕೆಂಪುಜ್ವರ, ಕೆಳಗೆ ಅತಿಥಿಗಳಿಗೆ ಚಹಾ. ಕೇಳಿದರೆ ನೆಗಡಿ ಎನ್ನುವುದು, ರೋಗಿಯ ಹೊದಿಕೆಯನ್ನು ಬಡ ಅಗಸಗಿತ್ತಿಯ ಮನೆಗೆ ಕಳಿಸುವುದು, ಆಮೇಲೆ ಅವಳ ಓಣಿಯ ಚರಂಡಿ ನಾರುತ್ತದೆಂದು ದೂರುವುದು. ಈ ಕಪಟಿಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿತ್ತು.

ಮಂಗಳವಾರ ನನ್ನ ಹೊಟ್ಟೆ, ತೋಳುಗಳ ಮೇಲೆ ನೀರುಗುಳ್ಳೆಗಳೆದ್ದವು. ಫೈನಲ್ ಗುರುವಾರ. ತುಂಬುತೋಳಿನ ಅಂಗಿ ತೊಟ್ಟೆ.

ಗುರುವಾರ ಬೆಳಿಗ್ಗೆ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ, ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ ನನ್ನ ಬೆನ್ನು ನೋಡಿಬಿಟ್ಟರು. ರೋಗದ ಹೆಸರೆತ್ತಲಿಲ್ಲ. "ಅಮ್ಮ ಬಂದಿದ್ದಾಳೆ" ಎಂದಷ್ಟೇ ಹೇಳಿ ಕೆಳಗಿಳಿದು, ನಮ್ಮ ಬಡಾವಣೆ ಡಿಸ್ಕವರಿ ಗಾರ್ಡನ್ಸ್‌ನ ಪಾರ್ಕಿಂಗ್ ಬದಿಯ ಮರದಿಂದ ವಾಚ್‌ಮನ್‌ನ ಎದುರೇ ಬೇವು ಮುರಿದು ತಂದು ಫ್ಲ್ಯಾಟಿನ ಬಾಗಿಲಿಗೆ ಕಟ್ಟಿದರು.

"ಅಜ್ಜೀ, ಇದು ವೈರಸ್. ದೇವಿಗೆ ವೀಸಾ ಯಾರು ಕೊಟ್ರು?"

"ನಿಂಗೆ ಬಾಯಿ ಮಾತ್ರ ಉಂಟು. ಮಲ್ಕೊ ಹೋಗು."

ಅವರು ಅಡುಗೆಮನೆಗೆ ಹೋದೊಡನೆ ಬೇವನ್ನು ಬಿಚ್ಚಿ ಶೂಗಳ ಹಿಂದೆ ತುರುಕಿದೆ. ಮೂಢನಂಬಿಕೆಯ ವಿರುದ್ಧ ಹೋರಾಟ ಎಂದುಕೊಂಡೆ. ನಿಜವಾದ ಕಾರಣ ಮೇಲಿನ ಮಹಡಿಯ ಆಂಟಿ. ಊದ್ ಮೇಥಾದ ನಮ್ಮ ಶಾಲೆಯ ಹತ್ತಿರವೇ ಅವರ ಆಫೀಸು. ದಿನವೂ ಅವರ ಕಾರಿನಲ್ಲೇ ನಾನು ಹೋಗುತ್ತಿದ್ದೆ. ಮಂಗಳೂರಿನವರು, ಬಾಗಿಲಲ್ಲಿ ಬೇವು ಕಂಡರೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಏಳು ತಿಂಗಳ ಬಸುರಿ ಬೇರೆ. ಈ ರೋಗ ಬಸುರಿಯರಿಗೆ ಅಪಾಯವೆಂದು ಎಲ್ಲೋ ಓದಿದ್ದೆ. ಎರಡು ದಿನದಿಂದ ಅದನ್ನು ಜಾಣತನದಿಂದ ಮರೆತಿದ್ದೆ.

ಬೆಲ್ ಆಯಿತು. "ಯಲ್ಲಾ, ಬೇಗ ಬಾ, ಲೇಟಾಯ್ತು" ಎಂದರು ಆಂಟಿ ಹೊರಗಿನಿಂದ.

ಚಿಲಕಕ್ಕೆ ಕೈ ಹಾಕಿದ್ದೆ. ಸೌಟು ಹಿಡಿದೇ ಬಂದ ಅಜ್ಜಿಗೆ ಶೂಗಳ ಹಿಂದಿನ ಸೊಪ್ಪು ಕಂಡಿತು. "ಬೇವು ತೆಗ್ದಿಯಾ? ಅದು ದೇವಿಗೆ ಅಂತ ಎಣಿಸಿದ್ಯಾ? ಬರುವವ್ರಿಗೆ ಕಟ್ಟುದು. ಒಳಗೆ ಬರ್ಬೇಡಿ ಅಂತ."

ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು ನನ್ನ ಅಭ್ಯಾಸ. ಹುಡುಕಿದೆ. ಸಿಗಲಿಲ್ಲ. ನನ್ನ ಪಕ್ಷವನ್ನೇ ಅಜ್ಜಿ ನನಗಿಂತ ಚುಟುಕಾಗಿ ಮಂಡಿಸಿದ್ದರು. ಚಿಲಕ ಬಿಟ್ಟೆ.

"ಆಂಟೀ, ನಂಗೆ ಚಿಕನ್ ಪಾಕ್ಸ್" ಎಂದು ಮುಚ್ಚಿದ ಬಾಗಿಲಿಗೆ ಹೇಳಿದೆ.

"ಯಾವಾಗಿಂದ?"

"ಮಂಗಳವಾರ."

"ನಿನ್ನೆ ಕಾರಲ್ಲಿ ಚಳಿ ಆಗ್ತದೆ, ಏಸಿ ಬಂದ್ ಮಾಡಿ ಅಂದದ್ದು ಅದಕ್ಕಾ?"

"ಹೂಂ."

"ನಂಗೆ ಸಣ್ಣದಿರುವಾಗ್ಲೇ ಆಗಿ ಹೋಗಿದೆ ಮಾರಾಯ. ಆದ್ರೆ ನೀನು ಕೇಳ್ಲಿಲ್ಲ ಅಲ್ವಾ?"

ನನ್ನ ಬದಲು ಮಾತಾಡುವವನಿಗೆ ಕೊಡಲೆಂದು ಭಾಷಣದ ಹಾಳೆಗಳನ್ನು ಬಾಗಿಲ ಕೆಳಗಿಂದ ತಳ್ಳಿದೆ. ಅವರು ಚಪ್ಪಲಿಯ ತುದಿಯಿಂದ ವಾಪಸು ತಳ್ಳಿದರು. "ಇದನ್ನು ಮುಟ್ಟುದಿಲ್ಲ. ಫೋಟೋ ತೆಗ್ದು ಕಳ್ಸು."

ಕಳಿಸಿದೆ. ನಮ್ಮವರು ಗೆದ್ದರು. ಬದಲಿಯವನು ನನ್ನಷ್ಟು ಚೆನ್ನಾಗಿ ಮಾತಾಡಲಿಲ್ಲವೆಂಬುದು ಇಂದಿಗೂ ನನ್ನ ಖಚಿತ ನಂಬಿಕೆ. ಸಾಕ್ಷ್ಯ ಮಾತ್ರ ಇಲ್ಲ.